ಮಸ್ಕತ್ತಿನಿಂದ ಆಕ್ಲೆಂಡಿಗೆ ಎಷ್ಟೊತ್ತು

ನನ್ನ ಫೋನು ನನ್ನನ್ನು ಏನೆಂದು ತಿಳಿದುಕೊಂಡಿದೆಯೋ ಕಾಣೆ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವ ತನಕ ನೋಡೋಣವೆಂದು ಕೈಗೆತ್ತಿಕೊಂಡರೆ ಸಾಕು, ಮಸ್ಕತ್ತಿನಿಂದ ಆಕ್ಲೆಂಡಿಗೆ ಟಿಕೆಟ್ ಅಗ್ಗವಾಗಿದೆ, ಈಗಲೇ ಕಾಯ್ದಿರಿಸಿ ಎಂದು ದುಂಬಾಲು ಬೀಳುತ್ತದೆ. ಕಿಟಕಿ ಪಕ್ಕದ ಸೀಟು ಬೇಕೆ? ಸಸ್ಯಾಹಾರ ಬೇಕೆ? ಇಳಿದ ಮೇಲೆ ಉಳಿದುಕೊಳ್ಳಲು ಹೋಟೆಲು? ಪಾಪ, ಅದಕ್ಕೇನು ಗೊತ್ತು. ಈ ಜನ್ಮದಲ್ಲಿ ನಾನು ಹೋಗಿರುವ ಅತಿ ದೂರದ ಊರೆಂದರೆ ತಿರುಪತಿ. ಅದೂ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದು. ದಾರಿಯುದ್ದಕ್ಕೂ ವಾಂತಿ ಮಾಡುವ ಮಕ್ಕಳ ಮೂಗಿಗೆ ನಿಂಬೆಹಣ್ಣು ಹಿಡಿದದ್ದು ಬಿಟ್ಟರೆ ನೋಡಿದ್ದು ಕಡಿಮೆ. ವಿಮಾನ ಹತ್ತುವುದಿರಲಿ, ಅದು ನೆಲದ ಮೇಲೆ ನಿಂತಿರುವುದನ್ನೂ ಹತ್ತಿರದಿಂದ ಕಂಡವಳಲ್ಲ. ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ಬಸ್ಸಿನಲ್ಲೇ ಮುಂದಿನ ಸೀಟು ಸಿಗದಿದ್ದರೆ ನನಗೆ ತಲೆ ತಿರುಗುತ್ತದೆ.

ಫೋನಿನ ತಪ್ಪಲ್ಲ, ಅಭ್ಯಾಸ ನನ್ನದು. ದಿನಕ್ಕೊಮ್ಮೆಯಾದರೂ ಆ ಎರಡು ಊರುಗಳ ಹೆಸರು ಒತ್ತಿ ಕೇಳುತ್ತೇನೆ. ಅದೂ ಬೇಸರಪಡದೆ ಅದೇ ಉತ್ತರ ಕೊಡುತ್ತದೆ: ಹದಿಮೂರು ಸಾವಿರದ ಎಂಟುನೂರು ಕಿಲೋಮೀಟರು ಚಿಲ್ಲರೆ, ಹಾರುವ ಹೊತ್ತು ಸುಮಾರು ಹದಿನೇಳು ಗಂಟೆ. ಕೆಳಗೆ ಸಣ್ಣ ಅಕ್ಷರದಲ್ಲಿ, ನೇರ ವಿಮಾನ ಇಲ್ಲ, ನಡುವೆ ಇಳಿದು ಬದಲಿಸಬೇಕು, ಒಟ್ಟು ಒಂದು ದಿನವೇ ಹಿಡಿಯಬಹುದು ಎಂದಿರುತ್ತದೆ. ಒಂದು ಊರು ಅರಬ್ಬರ ಮರಳಿನ ಅಂಚಿಗಿದೆ. ಇನ್ನೊಂದು ಭೂಪಟದ ಬಲಗಡೆ ಕೆಳಮೂಲೆಯಲ್ಲಿ, ಇನ್ನೊಂಚೂರು ಸರಿದರೆ ಹಾಳೆಯಿಂದಲೇ ಬಿದ್ದುಹೋಗುವ ಹಾಗಿದೆ. ಎರಡೂ ನನ್ನ ಊರಲ್ಲ. ಮತ್ತೆ ಯಾಕೆ ಕೇಳುತ್ತೀರಿ ಎಂದರೆ, ಹೇಳಬೇಕೆಂದೇ ಕೂತಿದ್ದೇನೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಥಟ್ಟನೆ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೊಳ್ಳಿ.

ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದವಳು. ದೂರ, ವೇಗ, ಕಾಲ ಎಂಬ ಪಾಠವನ್ನು ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ. ಒಂದು ರೈಲು ಬೀರೂರಿನಿಂದ ಹೊರಡುತ್ತದೆ, ಇನ್ನೊಂದು ಚಿಕ್ಕಜಾಜೂರಿನಿಂದ ಹೊರಡುತ್ತದೆ, ಎರಡೂ ಎಲ್ಲಿ ಸಂಧಿಸುತ್ತವೆ ಎಂದು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಕೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಆ ರೈಲಾಗೆ ಯಾರ್ ಕುಂತವ್ರೆ?" ಎಂದಳು. "ಯಾರು ಕೂತರೆ ನಿನಗೇನು, ಲೆಕ್ಕ ಮಾಡೇ ಮೊದಲು" ಎಂದು ಗದರಿದೆ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆ ಹುಡುಗಿ ಈಗ ಚಿತ್ರದುರ್ಗದಲ್ಲಿ ಯಾವುದೋ ಬ್ಯಾಂಕಿನಲ್ಲಿದ್ದಾಳಂತೆ.

ಮೇಡಂ ಆಗುವುದಕ್ಕೆ ಮುಂಚೆ ನಾನು ಕುರಿ ಮೇಯಿಸುವವರ ಮನೆಯ ಹುಡುಗಿ. ನಮ್ಮ ಹಟ್ಟಿಯಲ್ಲಿ ಕಿಲೋಮೀಟರು ಎಂಬ ಮಾತೇ ಇರಲಿಲ್ಲ. ಬೇಸಿಗೆ ಬಂದು ಹುಲ್ಲು ಒಣಗಿದರೆ ಅಪ್ಪ ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಕಡೆಗೆ ಹೋಗಿಬಿಡುತ್ತಿದ್ದ. ಎಷ್ಟು ದೂರ ಎಂದು ಕೇಳಿದರೆ ಅವ್ವ "ಐದು ಮಜಲು" ಎನ್ನುತ್ತಿದ್ದಳು. ಒಂದು ರಾತ್ರಿ ಮಂದೆ ನಿಲ್ಲಿಸಿ ಮಲಗಿದರೆ ಅದು ಒಂದು ಮಜಲು. ಅಪ್ಪ ಅಲ್ಲಿರುವಾಗ ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡರೆ ಆಳು ಹೋಗಿ ಕರೆತರಬೇಕು. ಹಾಗೆ ಹೋದವನು ಸತ್ತ ಸುದ್ದಿಯನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ದಾರಿಯಲ್ಲಿರುವವನಿಗೆ ಸಾವು ಹೇಳಿದರೆ ಅವನು ಮಂದೆ ಬಿಟ್ಟು, ಬುತ್ತಿ ಬಿಟ್ಟು, ಬಿಸಿಲು ಕತ್ತಲೆ ನೋಡದೆ ಓಡಿಬಿಡುತ್ತಾನೆ. ಅದಕ್ಕೇ "ನಿಮ್ಮವ್ವಗೆ ಹುಷಾರಿಲ್ಲ, ನಿನ್ನ ನೋಡ್ಬೇಕಂತೆ, ಬಾ" ಎನ್ನಬೇಕು. ಆಗ ಅವನು ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ, ಎರಡು ತುತ್ತು ಉಂಡು, ಕಂಬಳಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ನಡೆದು ಬರುತ್ತಾನೆ.

ಇದರಲ್ಲಿ ಮೋಸವೇನೂ ಇರಲಿಲ್ಲ, ಯಾಕೆಂದರೆ ಕೇಳಿದವನಿಗೂ ಗೊತ್ತಾಗಿರುತ್ತಿತ್ತು. ಗೊತ್ತಾಗಿಯೂ ತಿರುಗಿ ಕೇಳುತ್ತಿರಲಿಲ್ಲ. ಕೇಳಿದರೆ ಅಷ್ಟು ದೂರ ನಡೆದು ಬಂದವನನ್ನು ಸುಳ್ಳುಗಾರನನ್ನಾಗಿ ಮಾಡಿದ ಹಾಗಲ್ಲವೇ? ಆಮೇಲೆ ಫೋನು ಬಂತು, ಕುರಿಗಳು ಲಾರಿ ಹತ್ತಿದವು, ರೂಢಿ ಮಾತ್ರ ಹಾಗೇ ಉಳಿಯಿತು. ಈಗಲೂ "ಆಸ್ಪತ್ರೆಗೆ ಹಾಕೇವಿ, ಒಂದ್ಸಲ ಬಂದ್ ಹೋಗ್ರಿ" ಎಂದು ನೆಂಟರ ಮನೆಯಿಂದ ಫೋನ್ ಬಂದರೆ ನಾವು ಯಾವ ಆಸ್ಪತ್ರೆ ಎಂದು ಕೇಳುವುದಿಲ್ಲ. ಬಾಗಿಲಿಗೆ ಬೀಗ ಜಡಿದು, ಬಸ್ ಸ್ಟ್ಯಾಂಡಿನಲ್ಲಿ ಒಂದು ಹಾರ ಕೊಂಡು ಹೊರಡುತ್ತೇವೆ.

ಒಮ್ಮೆ ಹೀಗಾಯಿತು. ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡಳು. ಹಿರಿಯೂರಿನ ಹತ್ತಿರ ಬಬ್ಬೂರಿನ ಫಾರಮ್ಮಿನಲ್ಲಿ ಕೂಲಿ ಮಾಡಿಕೊಂಡಿದ್ದ ಮಗಳಿಗೆ, ಅಂದರೆ ನಮ್ಮ ಸೋದರತ್ತೆಗೆ, ಅಪ್ಪ ಹೇಳಿ ಕಳಿಸಿದ. ಅತ್ತೆ ಬಸ್ಸಿಳಿದಲ್ಲಿಂದಲೇ ಎದೆ ಬಡಿದುಕೊಳ್ಳುತ್ತಾ, "ನನ್ನವ್ವಾ, ನನ್ನ ಬಿಟ್ಟು ಎಲ್ಲಿಗೆ ಹೋದೆವ್ವಾ" ಎಂದು ಹಾಡಿಕೊಂಡು ಅಳುತ್ತಾ ಬಂದಳು. ಕೈಯಲ್ಲಿ ಮಾರುದ್ದದ ಸೇವಂತಿಗೆ ಹಾರ. ಜಗುಲಿಯ ಮೇಲೆ ಗೋಡೆಗೊರಗಿ ಮುದ್ದೆ ಮುರಿಯುತ್ತಿದ್ದ ಅಜ್ಜಿ ಗಾಬರಿಯಾಗಿ, "ಯಾರೇ ಸತ್ತೋರು? ನಂಗೊಂದು ಮಾತು ಹೇಳ್ಲಿಲ್ವಲ್ಲೇ ಈ ಮುಂಡೇವು" ಎಂದು ತಾನೂ ಅಳತೊಡಗಿದಳು. ತಾಯಿ ಮಗಳಿಬ್ಬರೂ ತಬ್ಬಿಕೊಂಡು ಸ್ವಲ್ಪ ಹೊತ್ತು ಅತ್ತರು. ಆಮೇಲೆ ಉಳಿದದ್ದು ಹಾರದ ಪ್ರಶ್ನೆ. ಹೆಣಕ್ಕೆಂದು ತಂದದ್ದನ್ನು ದೇವರಿಗೆ ಹಾಕುವ ಹಾಗಿಲ್ಲ, ಕೊನೆಗೆ ಟಗರಿಗೆ ಹಾಕಿದರು, ಅದು ಸಂತೋಷವಾಗಿ ತಿಂದಿತು. ಅಜ್ಜಿ ಅದಾದ ಮೇಲೂ ಬಹಳ ವರ್ಷ ಇದ್ದಳು. ಮಗಳ ಮೇಲೆ ಸಿಟ್ಟು ಬಂದಾಗಲೆಲ್ಲ "ನೀನು ಹಾರ ತಂದೋಳಲ್ವೇನೇ" ಎಂದು ಚುಚ್ಚುತ್ತಿದ್ದಳು. ನಾವು ಇದನ್ನು ಎಷ್ಟು ಮದುವೆ ಮನೆಗಳಲ್ಲಿ ಹೇಳಿಕೊಂಡು ನಕ್ಕಿಲ್ಲ!

ನನ್ನ ಅಕ್ಕ ಕರಿಯಮ್ಮನನ್ನು ಹೊಳಲ್ಕೆರೆ ತಾಲೂಕಿನ ಬಿ.ದುರ್ಗಕ್ಕೆ ಕೊಟ್ಟರು. ಭಾವ ತಿಪ್ಪಣ್ಣ ಆ ಕಡೆಯ ಹಟ್ಟಿಗಳಲ್ಲೆಲ್ಲ ಇಂಥ ಸುದ್ದಿ ಮುಟ್ಟಿಸುವುದರಲ್ಲಿ ಹೆಸರಾದವನು. ಯಾರ ಮನೆಯಲ್ಲಿ ಸಾವಾದರೂ ಫೋನನ್ನು ಅವನ ಕೈಗೆ ಕೊಡುತ್ತಿದ್ದರು. ಅದಕ್ಕೆಂದೇ ಅವನಿಗೊಂದು ಧ್ವನಿಯಿತ್ತು. ಮೊದಲು ಉಂಡೆಯಾ ಎನ್ನುವನು, ಮಕ್ಕಳನ್ನು ವಿಚಾರಿಸುವನು, ಆಮೇಲೆ ಧ್ವನಿ ಇಳಿಸಿ, ಪಕ್ಕದಲ್ಲಿ ಮಗು ಮಲಗಿದೆಯೇನೋ ಎಂಬಂತೆ, "ಸ್ವಲ್ಪ ಹುಷಾರಿಲ್ಲಪ್ಪ, ಹೊರಟು ಬಾ, ಗಾಬ್ರಿ ಏನಿಲ್ಲ" ಎನ್ನುವನು. ಫೋನು ಇಟ್ಟು ಕಟ್ಟೆಯ ಮೇಲೆ ಕೂತು ಲೆಕ್ಕಕ್ಕೆ ಶುರು. ಹಿರಿಯೂರಿನವರು ಎಷ್ಟೊತ್ತಿಗೆ ಮುಟ್ಟುತ್ತಾರೆ, ಹೊಸದುರ್ಗದವರಿಗೆ ಯಾವ ಬಸ್ಸಿದೆ, ಮುಖ ನೋಡುವವರೆಲ್ಲ ಬಂದು ಸೇರಿ ಮಣ್ಣು ಎಷ್ಟೊತ್ತಿಗಾಗಬಹುದು. ಲೆಕ್ಕ ತಪ್ಪಿ, ಕೊನೆಯ ಬಸ್ಸಿನಲ್ಲಿ ಬಂದವರು ಮಣ್ಣಿನ ಗುಡ್ಡೆಗೆ ಕೈಮುಗಿದು ಹೋದದ್ದೂ ಉಂಟು. ಅಂಥ ದಿನ ಭಾವ ಊಟ ಮಾಡುತ್ತಿರಲಿಲ್ಲ.

ಅಕ್ಕ ಭಾವನಿಗೆ ಇಬ್ಬರು ಹೆಣ್ಣುಮಕ್ಕಳು, ಮಂಜುಳ ಮತ್ತು ರೂಪ. ಮಂಜಿಗಿಂತ ರೂಪ ಎರಡು ವರ್ಷಕ್ಕೆ ಚಿಕ್ಕವಳು, ಆದರೆ ಇಬ್ಬರದೂ ಒಂದೇ ಅಳತೆ. ಒಂದು ಲಂಗ ಹೊಲಿಸಿದರೆ ಇಬ್ಬರೂ ಹಾಕುತ್ತಿದ್ದರು. ಬೇಸಿಗೆ ರಜೆಗೆ ಹೊಸದುರ್ಗದ ನಮ್ಮ ಮನೆಗೆ ಬಂದರೆ ನನ್ನ ಹಳೆಯ ಹೊಲಿಗೆ ಮೆಷಿನ್ನಿಗೆ ಮಂಜಿ ಅಂಟಿಕೊಳ್ಳುತ್ತಿದ್ದಳು, ರೂಪ ಅದರ ಕೆಳಗೆ ಕೂತು ಬಿದ್ದ ಚಿಂದಿಗಳನ್ನು ಬೊಂಬೆಗೆ ಸುತ್ತುತ್ತಿದ್ದಳು. ರೂಪ ವಿಪರೀತ ಪುಕ್ಕಲಿ. ಅಕ್ಕ ಮೊದಲು ಹತ್ತದೆ ಬಸ್ಸು ಹತ್ತುತ್ತಿರಲಿಲ್ಲ, ಅಕ್ಕ ಕೈ ಹಿಡಿದುಕೊಳ್ಳದೆ ಸೂಜಿ ಹಾಕಿಸಿಕೊಳ್ಳುತ್ತಿರಲಿಲ್ಲ. ಇಂಥವಳು ಭೂಮಿಯ ಆ ಮೂಲೆಗೆ ಒಬ್ಬಳೇ ವಿಮಾನದಲ್ಲಿ ಹೋದಳು ಎಂದರೆ ನಾನೇ ನಂಬಿರಲಿಲ್ಲ. ಗಂಡ ನಾಗರಾಜ ನಮ್ಮ ಕಡೆಯವನೇ. ನ್ಯೂಜಿಲೆಂಡಿನಲ್ಲಿ ಹಸು ಸಾಕುವ ದೊಡ್ಡ ಫಾರಮ್ಮಿನಲ್ಲಿ ಹಾಲು ಕರೆಯುವ ಕೆಲಸ ಸಿಕ್ಕಿ ಮೊದಲೇ ಹೋಗಿದ್ದ. "ನಮ್ಮ ಕುರಿ ಕಾಯಕೆ ನಾಚ್ಕೆ, ಅವ್ರ ಹಸು ಕಾಯಕೆ ವಿಮಾನ" ಎಂದು ಭಾವ ಅಳಿಯನನ್ನು ಛೇಡಿಸುತ್ತಿದ್ದ. ಮಂಜಿಯ ಗಂಡ ಮಸ್ಕತ್ತಿನಲ್ಲಿ ಬೇಕರಿಯ ವ್ಯಾನು ಓಡಿಸುತ್ತಾನೆ, ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ.

ಆ ವರ್ಷ ಮಕ್ಕಳ ರಜೆಗೆ ತಂಗಿಯ ಮನೆಗೆ ಹೋಗಬೇಕೆಂದು ಮಂಜಿ ಮುಂಚಿತವಾಗಿಯೇ ವೀಸಾ ಮಾಡಿಸಿಟ್ಟಿದ್ದಳು. ಹೊರಡಲು ಇನ್ನೂ ಒಂದು ತಿಂಗಳಿತ್ತು. ಹುಣಸೆಹಣ್ಣು ಬಿಡಿಸುವ ಕಾಲ, ನಾನು ಅಕ್ಕನ ಮನೆಗೆ ಹೋಗಿದ್ದೆ. ಬುಧವಾರ ಮಧ್ಯಾಹ್ನ ಅಂಗಳದಲ್ಲಿ ಕೂತು ಬೀಜ ತೆಗೆಯುತ್ತಿದ್ದಾಗ ನಾಗರಾಜನ ಫೋನು ಬಂತು. ರೂಪನಿಗೆ ನಾಲ್ಕು ದಿನದಿಂದ ಜ್ವರ, ಈಗ ಮೆದುಳಿಗೇರಿದೆ, ಆಕ್ಲೆಂಡಿನ ಆಸ್ಪತ್ರೆಯ ತೀವ್ರ ನಿಗಾದಲ್ಲಿದ್ದಾಳೆ, ಏನೂ ಹೇಳಲಾಗದು ಎನ್ನುತ್ತಿದ್ದಾರೆ ಡಾಕ್ಟರು.

"ಮಧ್ಯೆ ಮಧ್ಯೆ ಎಚ್ಚರ ಆಗತ್ತೆ ಮಾವ. ಅಕ್ಕ ಎಲ್ಲಿ ಅಂತ ಕೇಳ್ತಾಳೆ. ಮಂಜಕ್ಕನ್ನ ಬೇಗ ಕಳ್ಸಿ. ನಂಗೆ ಅವ್ರ ಹತ್ರ ಹೇಳಕೆ ಬಾಯೇ ಬರ್ತಿಲ್ಲ" ಎಂದ.

ಭಾವ ಫೋನು ಹಿಡಿದು ಕುರಿದೊಡ್ಡಿಯ ಹತ್ತಿರ ಹೋಗಿ ನಿಂತ. ನಾನೂ ಅಕ್ಕನೂ ಹುಣಸೆಹಣ್ಣಿನ ಕೈಯಲ್ಲೇ ಎದ್ದು ನಿಂತಿದ್ದೆವು.

"ಮಂಜಿ, ಉಂಡ್ಯಾ ಮಗಳೇ? ಹುಡುಗ್ರು ಸ್ಕೂಲಿಗೆ ಹೋಗವ್ರಾ?" ಎಂದ. ಆಮೇಲೆ ಧ್ವನಿ ಇಳಿಯಿತು. "ರೂಪಂಗೆ ಸ್ವಲ್ಪ ಹುಷಾರಿಲ್ಲಂತೆ ಕಣವ್ವ. ಆಸ್ಪತ್ರೆಗೆ ಹಾಕವ್ರಂತೆ. ನೀನು ಹೊರಟುಬಿಡು. ಗಾಬ್ರಿ ಏನಿಲ್ಲ."

ಪ್ರಾಣಸಂಕಟದ ಸುದ್ದಿ ಹೇಳಲು ಅವನಿಗೆ ಗೊತ್ತಿದ್ದದ್ದು ಅದೊಂದೇ ಧ್ವನಿ. ಹೇಳಿದ್ದು ನಿಜ. ರೂಪನಿಗೆ ಹುಷಾರಿರಲಿಲ್ಲ, ಆಸ್ಪತ್ರೆಗೆ ಹಾಕಿದ್ದರು, ಬೇಗ ಹೊರಡಬೇಕಿತ್ತು. ಆ ಕಡೆಯಿಂದ ಮಂಜಿ, "ಹೊರಡ್ತೀನಪ್ಪ. ನೀನು ಧೈರ್ಯವಾಗಿರು. ಅವ್ವನ್ನ ನೋಡ್ಕ" ಎಂದಳಂತೆ. ಭಾವ ಕಣ್ಣೊರೆಸಿಕೊಂಡು, "ನನ್ನ ಮಗಳು ಗಟ್ಟಿ, ಒಂದು ಹನಿ ಅಳ್ಲಿಲ್ಲ" ಎಂದ.

ಅಕ್ಕ ನನ್ನ ಕಡೆ ತಿರುಗಿದಳು. "ನೀನು ಓದಿದೋಳು. ನೋಡೇ ಅದ್ರಾಗೆ, ಮಸ್ಕತ್ತಿಂದ ಅಲ್ಲಿಗೆ ಎಷ್ಟೊತ್ತು?"

ಆವತ್ತು ಮೊದಲ ಸಲ ಆ ಎರಡು ಹೆಸರುಗಳನ್ನು ಒತ್ತಿದ್ದು. ರಾತ್ರಿಗೇ ಒಂದು ವಿಮಾನವಿತ್ತು. ಅದನ್ನು ಹತ್ತಿದರೆ ಗುರುವಾರ ರಾತ್ರಿ ನಾವು ಉಣ್ಣುವ ಹೊತ್ತಿಗೆಲ್ಲ ಅವಳು ತಂಗಿಯ ಪಕ್ಕದಲ್ಲಿರುತ್ತಾಳೆ ಎಂದೆ. ಭಾವ ಕಟ್ಟೆಯ ಮೇಲೆ ಕೂತು ಬೆರಳು ಮಡಿಸಿದ. ಈಗ ಎಲ್ಲಿರುತ್ತಾಳೆ, ಬೆಳಗಾಗುವಾಗ ಎಲ್ಲಿರುತ್ತಾಳೆ, ಇಳಿದು ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು. ಜೀವಂತ ಮುಖ ನೋಡಲು ಯಾರಾದರೂ ಬರುವುದನ್ನು ಅವನು ಅಲ್ಲಿ ಕೂತು ಲೆಕ್ಕ ಹಾಕಿದ್ದು ಅದೇ ಮೊದಲಿರಬೇಕು.

ಗುರುವಾರ ನಾವು ಮಂಜಿಗೆ ಫೋನು ಮಾಡಲಿಲ್ಲ. ವಿಮಾನದಲ್ಲಿರುವವರಿಗೆ ಫೋನು ಹೋಗುವುದಿಲ್ಲ ಎಂದು ನಾನೇ ದೊಡ್ಡ ತಿಳಿವಳಿಕಸ್ಥೆಯಂತೆ ಹೇಳಿದ್ದೆ. ನಾಗರಾಜ ಮಧ್ಯಾಹ್ನ ಆಸ್ಪತ್ರೆಯ ಹೊರಗೆ ಬಂದು ಮಾತಾಡಿದ. "ಕಣ್ಣು ಬಿಟ್ಟಿದ್ಲು ಅತ್ತೆ. ಅಕ್ಕ ಬರ್ತಾ ಅವ್ರೆ ಅಂದೆ. ಬಾಗಿಲ ಕಡೆ ನೋಡಿದ್ಲು" ಎಂದ. ಅಕ್ಕ ದೇವರ ಮುಂದೆ ದೀಪ ಹಚ್ಚಿ ಮುಡುಪು ಕಟ್ಟಿದಳು. ರಾತ್ರಿ ಉಣ್ಣುವ ಹೊತ್ತಾಯಿತು, ಮಂಜಿ ಮುಟ್ಟಿದ ಸುದ್ದಿ ಬರಲಿಲ್ಲ. ವಿಮಾನ ತಡವಾಗಿರಬೇಕು ಎಂದುಕೊಂಡು ಮಲಗಿದೆವು.

ಶುಕ್ರವಾರ ಮಧ್ಯಾಹ್ನ ಮಂಜಿಯೇ ಫೋನು ಮಾಡಿದಳು. "ಏರ್‌ಪೋರ್ಟಲ್ಲಿದೀನವ್ವ. ಈಗ ವಿಮಾನ ಹತ್ತೀನಿ."

"ಇನ್ನೂ ಅಲ್ಲೇ ಇದೀಯೇನೇ!" ಎಂದು ಅಕ್ಕ ಕಿರುಚಿದಳು.

"ಟಿಕೆಟ್ ಸಿಗ್ಲಿಲ್ಲವ್ವ" ಎಂದಳು ಮಂಜಿ. ನಾವು ಟಿಕೆಟ್ಟನ್ನು ಬೈದೆವು. ನಾನು ಫೋನು ತೆಗೆದು ವಿಮಾನದ ದಾರಿಯ ಗೆರೆ ನೋಡಿದೆ. ಅದು ಅರಬ್ಬಿ ಸಮುದ್ರ ದಾಟಿ, ನಮ್ಮ ರಾಜ್ಯದ ಮೇಲೆ ಹಾದು, ಸಿಂಗಪುರದ ಕಡೆಗೆ ಬಾಗಿತ್ತು. ಅಕ್ಕನಿಗೆ ತೋರಿಸಿದ್ದೇ ತಪ್ಪಾಯಿತು. ಸಂಜೆಯಾಗುತ್ತಲೇ ಅಂಗಳಕ್ಕೆ ಬಂದು ತಲೆ ಮೇಲೆತ್ತಿ ನಿಂತಳು. ಬಡಗಣ ದಿಕ್ಕಿನಲ್ಲಿ ಎತ್ತರದಲ್ಲಿ ಒಂದು ಬಿಳಿ ಗೆರೆ ಕಾಣಿಸಿತು. ಯಾವ ವಿಮಾನವೋ ಯಾರಿಗೆ ಗೊತ್ತು.

"ಅಷ್ಟು ಮೇಲಿಂದ ನಮ್ಮನೆ ಕಾಣತ್ತೇನೇ ಅವ್ಳಿಗೆ?" ಎಂದಳು.

"ಕಾಣತ್ತೆ ಬಿಡಕ್ಕ" ಎಂದೆ.

ಆಗ ಒಳಗೆ ಫೋನು ಬಡಿದುಕೊಂಡಿತು. ಭಾವ ಎತ್ತಿದ. ಅವನು ಮಾತಾಡಿದ್ದು ನಮಗೆ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ. ಊರವರ ಸಾವನ್ನೆಲ್ಲ ನಯವಾಗಿ ಹೇಳಿದ್ದ ಮನುಷ್ಯನಿಗೆ ತನ್ನ ಹೆಂಡತಿಗೆ ಹೇಳಲು ಬೇರೆ ಮಾತು ಸಿಗಲಿಲ್ಲ.

"ಕರೀ, ರೂಪಂಗೆ ಹುಷಾರಿಲ್ಲಂತೆ ಕಣೇ" ಎಂದ.

ರೂಪನಿಗೆ ಹುಷಾರಿಲ್ಲವೆಂದು ಅಕ್ಕನಿಗೆ ಮೂರು ದಿನದಿಂದ ಗೊತ್ತಿತ್ತು. ಆದರೂ ಆ ಮಾತು ಕೇಳಿದ್ದೇ ಕೈಯೆರಡನ್ನೂ ತಲೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಕುಸಿದಳು. ಅವಳು ಅತ್ತದ್ದನ್ನು ನಾನು ಬರೆಯಲಾರೆ. ಅಕ್ಕಪಕ್ಕದ ಮನೆಯವರು ಓಡಿಬಂದರು. ಮೇಲೆ ಆ ಗೆರೆ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಕೆಳಗೆ ನಮಗೆಲ್ಲ ಗೊತ್ತಾಗಿತ್ತು, ಮೇಲೆ ಹೋಗುತ್ತಿದ್ದವಳಿಗೆ ಗೊತ್ತಾಗಿರಲಿಲ್ಲ ಎಂದು ಮರುಗಿದೆ. ಆಗ ನಾನು ತಿಳಿದದ್ದು ಹಾಗೆ.

ಸಿಂಗಪುರದಲ್ಲಿ ಇಳಿದು ಅವಳು ಫೋನು ಮಾಡಿದಾಗ ಭಾವನೇ ಮಾತಾಡಿದ. ದಾರಿಯಲ್ಲಿರುವವಳಿಗೆ ಹೇಳಬಾರದು ಎಂದು ಎಲ್ಲರೂ ಸನ್ನೆ ಮಾಡಿದೆವು. "ಹಂಗೇ ಐತೆ ಮಗಳೇ. ಹುಷಾರಿಲ್ಲ. ನೀನು ಏನಾರ ತಿನ್ನು" ಎಂದ. ಬುಧವಾರ ಹೇಳಿದ್ದೂ ಅದೇ ಮಾತು, ಅದೇ ಧ್ವನಿ. ಆ ಕಡೆಯಿಂದ ಬಂದದ್ದೂ ಅದೇ ಉತ್ತರ: "ಧೈರ್ಯವಾಗಿರಪ್ಪ."

ಎರಡು ತಿಂಗಳ ಮೇಲೆ ಮಂಜಿ ಮಕ್ಕಳನ್ನು ಕರೆದುಕೊಂಡು ಬಿ.ದುರ್ಗಕ್ಕೆ ಬಂದಳು. ಹಿತ್ತಲ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿಕೊಂಡು, ಅಪ್ಪ ಅವ್ವ ಒಳಗಿದ್ದಾರೆಯೇ ಎಂದು ನೋಡಿಕೊಂಡು ಹೇಳಿದಳು.

"ಟಿಕೆಟ್ ಇತ್ತು ಚಿಕ್ಕವ್ವ. ಬುಧವಾರ ರಾತ್ರೀದೇ ಇತ್ತು."

ನನಗೆ ಮೊದಲು ಅರ್ಥವಾಗಲಿಲ್ಲ.

"ಅಪ್ಪ ಫೋನ್ ಮಾಡಿ ಉಂಡ್ಯಾ ಅಂದಾಗ್ಲೇ ನಂಗೆ ಎದೆ ಹಾರಿತ್ತು. ಹುಷಾರಿಲ್ಲ, ಹೊರಡು, ಗಾಬ್ರಿ ಏನಿಲ್ಲ ಅಂತು. ಹುಟ್ಟಿದಾಗಿಂದ ಆ ಮಾತು ಕೇಳೇನಿ ನಾನು. ಮುಗೀತು, ನನ್ನ ತಂಗಿ ಹೋದ್ಲು ಅಂದ್ಕಂಡೆ. ನಾಗರಾಜಂಗೆ ಫೋನ್ ಮಾಡ್ದೆ, ಅವನು ಬೇಗ ಬರ್ರಿ ಅಕ್ಕ ಅಂತ ಅತ್ತು ಇಟ್ಬಿಟ್ಟ. ಇನ್ನೇನು ಕೇಳ್ಲಿ? ಹೆಂಡ್ತಿ ಕಳ್ಕಂಡೋನಿಗೆ ಮತ್ತೆ ಮತ್ತೆ ಫೋನ್ ಮಾಡ್ಲಾ?"

ಗಂಡನ ಮನೆಯಲ್ಲಿ ಹೆಣ್ಣುಮಗಳು ತೀರಿಕೊಂಡರೆ ಅವಳಿಗೆ ಕೊನೆಯ ಸೀರೆ ಉಡಿಸುವುದು ತವರಿನವರು. ತವರಿನ ಸೀರೆ, ಕುಪ್ಪಸ, ಹಸಿರು ಬಳೆ, ಅರಿಶಿನ ಕುಂಕುಮ ಬರುವ ತನಕ ನಮ್ಮಲ್ಲಿ ಹೆಣ ಎತ್ತುವುದಿಲ್ಲ. ಅಷ್ಟು ದೂರಕ್ಕೆ ತವರಿನಿಂದ ಹೋಗಬಲ್ಲವಳು ತಾನೊಬ್ಬಳೇ ಎಂದು ಮಂಜಿ ಎಣಿಸಿದಳು. ಹೋದವಳು ಹೋದಳು, ಪರದೇಶದಲ್ಲಿ ಹೇಗೂ ನಾಲ್ಕು ದಿನ ಇಟ್ಟಿರುತ್ತಾರೆ, ಬರಿಗೈಯಲ್ಲಿ ಹೋಗಿ ನಿಲ್ಲಬಾರದು ಎಂದುಕೊಂಡಳು. ಗುರುವಾರ ಪೇಟೆ ಸುತ್ತಿ ಹಸಿರು ರೇಷ್ಮೆ ಸೀರೆ ಹುಡುಕಿದಳು. ಆಮೇಲೆ ಮೆಷಿನ್ನಿನ ಮುಂದೆ ಕೂತು, ತನ್ನ ಅಳತೆಗೇ ಕತ್ತರಿಸಿ, ತಂಗಿಗೆ ಕುಪ್ಪಸ ಹೊಲಿದಳು. ಅವ್ವನಿಗೆ ಇನ್ನೂ ತಿಳಿಸಿಲ್ಲವೇನೋ ಎಂದು ಟಿಕೆಟ್ ಸಿಗಲಿಲ್ಲ ಎಂದಳು. ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ ಎಂದು ನಾನು ಮರುಗುತ್ತಿದ್ದಾಗ, ಮೇಲೆ ಅವಳು ಎರಡು ದಿನದ ಅಳು ಮುಗಿಸಿ, ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಆಸ್ಪತ್ರೇಲಿ ನಾನು ಸೀರೆ ತೆಗೆದೆ ಚಿಕ್ಕವ್ವ. ನಾಗರಾಜ ಕುಪ್ಪಸ ನೋಡಿ, ಇದು ಯಾವಾಗ ಹೊಲಿದ್ರಿ ಅಕ್ಕ ಅಂದ. ಗುರುವಾರ ಅಂದೆ. ಅವನು ನನ್ನ ಮುಖ ನೋಡ್ದ. ಗುರುವಾರ ಅವ್ಳು ಬಾಗಿಲು ನೋಡ್ತಿದ್ಲು ಅಂದ."

ಮಂಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ನಾನು ತೋಳು ಕೂಡಿಸ್ತಿದ್ದಾಗ ಅವ್ಳು ಉಸಿರಾಡ್ತಿದ್ಲು ಚಿಕ್ಕವ್ವ. ತೋಳು ನೆಟ್ಟಗೆ ಕೂರ್ಲಿಲ್ಲ ಅಂತ ನಾನು ಬಿಚ್ಚಿ ಇನ್ನೊಂದ್ಸಲ ಹೊಲಿದೆ."

ಅವಳನ್ನು ತಬ್ಬಿಕೊಂಡೆ. ಇದಕ್ಕೇ ನಾನು ದಿನವೂ ಆ ಎರಡು ಊರುಗಳನ್ನು ಫೋನಿನಲ್ಲಿ ಒತ್ತುವುದು. ಬುಧವಾರ ರಾತ್ರಿಯ ವಿಮಾನ, ನಡುವೆ ಇಳಿದು ಕಾಯುವ ಹೊತ್ತು, ಆಕ್ಲೆಂಡಿನಿಂದ ಆಸ್ಪತ್ರೆಗೆ ಟ್ಯಾಕ್ಸಿ, ಎಲ್ಲ ಕೂಡುತ್ತೇನೆ. ಹೇಗೆ ಕೂಡಿದರೂ ಮಂಜಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತಾಳೆ. ರೂಪ ಇನ್ನೂ ಸುಮಾರು ಒಂದು ದಿನ ಇರುತ್ತಾಳೆ. ಕೂಡಿ ಮುಗಿಸಿ ಫೋನು ಕೆಳಗಿಡುತ್ತೇನೆ, ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿರುತ್ತದೆ.

ಮಂಜಿ ಇದನ್ನು ಅಪ್ಪನಿಗೆ ಹೇಳಬಾರದೆಂದೇ ಇದ್ದಳು. ಆದರೆ ಹಿತ್ತಲ ಮಾತು ಗೋಡೆಯ ಆ ಕಡೆ ಕೇಳುತ್ತದೆ ಎಂಬುದು ಅವಳಿಗೆ ಮರೆತಿತ್ತು. ಒಳಗಿದ್ದ ಭಾವನಿಗೆ ಎಲ್ಲ ಕೇಳಿಸಿತ್ತು. ಅವಳು ಮಸ್ಕತ್ತಿಗೆ ಹಿಂತಿರುಗುವ ದಿನ "ನಿನ್ನ ತಪ್ಪಲ್ಲಪ್ಪ" ಎಂದರೆ ಭಾವ ಅವಳ ಬ್ಯಾಗು ಎತ್ತಿಕೊಂಡು ಮುಂದೆ ನಡೆದ. ಈಗ ಹಟ್ಟಿಗಳಿಂದ ಯಾರಾದರೂ ಬಂದು, "ತಿಪ್ಪಣ್ಣ, ದಾವಣಗೆರೆಯೋರಿಗೆ ಒಂದು ಫೋನ್ ಮಾಡಪ್ಪ, ಅಜ್ಜ ಹೋಗಿಬಿಡ್ತು" ಎಂದರೆ, "ನನ್ನ ಕೈಲಾಗಲ್ಲ, ಬೇರೆ ಯಾರ್ನಾದ್ರೂ ನೋಡ್ಕಳ್ರಿ" ಎಂದು ಒಳಗೆ ಹೋಗಿಬಿಡುತ್ತಾನೆ.

ಹೋದ ತಿಂಗಳು ಅಕ್ಕನಿಗೆ ಜ್ವರ ಬಂತು. ಬರೀ ಜ್ವರ, ಜೊತೆಗೆ ಕೆಮ್ಮು. ಹೊಳಲ್ಕೆರೆಯ ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದ್ದರು. ನಾನು ನೋಡಿಕೊಳ್ಳಲು ಹೋಗಿದ್ದೆ. ಶುಕ್ರವಾರ ಮಂಜಿಗೆ ಅಲ್ಲಿ ರಜೆ, ಪ್ರತಿ ಶುಕ್ರವಾರ ತಾಯಿಯೊಡನೆ ಮಾತಾಡುತ್ತಾಳೆ. ಫೋನು ಬಂದಾಗ ಅಕ್ಕ ಕಂಬಳಿ ಹೊದ್ದು ಮಲಗಿದ್ದಳು. ಭಾವ ತನ್ನ ಗುಂಡಿ ಫೋನು ಎತ್ತಿದ.

"ಅವ್ವ ಎಲ್ಲಪ್ಪ?" ಎಂದಳು ಮಂಜಿ. ಭಾವನಿಗೆ ಕಿವಿ ಮಂದವಾಗಿ ಫೋನಿನ ಶಬ್ದ ಜೋರಾಗಿಟ್ಟಿದ್ದರಿಂದ ನಮಗೆಲ್ಲ ಕೇಳುತ್ತಿತ್ತು.

ಭಾವ ಬಾಯಿ ತೆರೆದ, ಮುಚ್ಚಿದ. ಇನ್ನೊಮ್ಮೆ ತೆರೆದ. "ಜ್ವರ" ಎಂದ, ಕೂಗಿದ ಹಾಗೆ. "ಜ್ವರ ಅಷ್ಟೇ ಕಣೇ. ಬರೀ ಜ್ವರ."

ಆ ಕಡೆ ಸದ್ದಿಲ್ಲ. ಭಾವ ಮಂಚದ ಹತ್ತಿರ ಓಡಿ, ಕಂಬಳಿ ಸರಿಸಿ, ಫೋನನ್ನು ಅಕ್ಕನ ಬಾಯಿಗೆ ಒತ್ತಿದ.

"ಮಾತಾಡೇ. ನೀನಿದೀಯ ಅಂತ ಕೇಳ್ಲಿ ಅವ್ಳಿಗೆ. ಮಾತಾಡೇ ಕರೀ!"

ಅಕ್ಕನಿಗೆ ಗಂಟಲು ಕಟ್ಟಿತ್ತು. "ಮಂಜಿ" ಎನ್ನಲು ಹೋಗಿ ಕೆಮ್ಮು ಬಂತು. ಚೆನ್ನಾಗಿ, ಎದೆಯೊಳಗಿಂದ ಬಂದ ಕೆಮ್ಮು. ಮಸ್ಕತ್ತಿನಿಂದ ಮೊದಲು ಬಿಕ್ಕಿದ ಸದ್ದು ಕೇಳಿಸಿತು, ಆಮೇಲೆ ಮಾತು.

"ಅಪ್ಪಾ, ಇನ್ನೊಂದ್ಸಲ ಕೆಮ್ಮಕೆ ಹೇಳಪ್ಪ."

ಭಾವ ಅಕ್ಕನ ಮುಖ ನೋಡಿದ. ಅಕ್ಕನಿಗೆ ಆಗ ಕೆಮ್ಮು ಬರುತ್ತಿರಲಿಲ್ಲ. ಮೊಣಕೈ ಊರಿ ಎದ್ದು ಕೂತು, ಫೋನನ್ನು ತಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು, ಮಗಳಿಗೆ ಸಾಕೆನ್ನಿಸುವ ತನಕ ಕೆಮ್ಮಿದಳು.